ಮೊದಲು ಹೆಸರು, ಆಮೇಲೆ ಸೂಜಿ

ಕಳೆದ ವಾರ ನವಿ ಮುಂಬಯಿಯ ಕಾಮೋಠೆಯಲ್ಲಿ ನಮ್ಮ ಮನೆಯಿಂದ ಎರಡು ಸೆಕ್ಟರ್ ಆಚೆಗಿರುವ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ರಕ್ತ ತೆಗೆಯಲು ಹೋಗಿದ್ದೆ. ಬೆಳಗಿನ ಏಳು ಗಂಟೆ. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಒದ್ದೆ ರೇನ್‌ಕೋಟನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, ಕೈ ತೊಳೆದು, ಕೈಗವಸು ಹಾಕಿಕೊಂಡು, "ಕಾಕಾ, ತುಮ್ಚಂ ಪೂರ್ಣ ನಾವ್ ಸಾಂಗಾ" ಎಂದೆ. ಅವರು ಹಣೆ ಚಚ್ಚಿಕೊಂಡರು. ಹದಿನೈದು ದಿನಕ್ಕೊಮ್ಮೆ ಬರುತ್ತೀಯ, ಬಂದಾಗಲೆಲ್ಲ ಚಹಾ ಕುಡಿದು ಹೋಗುತ್ತೀಯ, ನನ್ನ ಪೂರ್ತಿ ಹೆಸರು ಇನ್ನೂ ಬಾಯಿಪಾಠ ಆಗಲಿಲ್ಲವೇ ಎಂದು ಮರಾಠಿಯಲ್ಲಿ ಗೊಣಗಿದರು. ಆಗಿದೆ ಕಾಕಾ, ಆದರೂ ಅದು ನಿಮ್ಮ ಬಾಯಿಂದಲೇ ಬರಬೇಕು ಎಂದೆ. ಅವರು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಲ್ಲವನ್ನೂ ಹಾಜರಿ ಕರೆಯುವ ಹಾಗೆ ಗಟ್ಟಿಯಾಗಿ ಹೇಳಿ ಕೈ ಚಾಚಿದರು. ನಾನು ಸ್ಪಿರಿಟ್ ಹಚ್ಚಿದ ಹತ್ತಿಯ ಪೊಟ್ಟಣ ಹರಿದೆ.

ಸ್ಪಿರಿಟ್ಟಿನ ವಾಸನೆ ನನ್ನ ದಿನದ ಅನ್ನ. ಅದೊಂದರಿಂದಲೇ ನನಗೆ ಏನೂ ನೆನಪಾಗುವುದಿಲ್ಲ. ಆದರೆ ಅದರ ಜೊತೆಗೆ ಒದ್ದೆ ರೇನ್‌ಕೋಟಿನ ವಾಸನೆ ಸೇರಿತೆಂದರೆ ಮುಗಿಯಿತು, ಠಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ, ಸೀರೆ ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿ ನಾನು ಈ ಕೆಲಸ ಕಲಿತ ಕೋಣೆ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿ ಕಿಟಕಿಯ ಸರಳಿಗೆ ಹನ್ನೆರಡು ರೇನ್‌ಕೋಟುಗಳು ನೇತಾಡುತ್ತಿದ್ದವು. ಅದರಲ್ಲಿ ಹನ್ನೊಂದು ಬಣ್ಣಬಣ್ಣದವು, ಒಂದು ಮಾತ್ರ ಮುದುಕರ ಕಂದು ಬಣ್ಣದ್ದು. ಆ ಕಂದು ರೇನ್‌ಕೋಟು ನನ್ನದು.

ಆಗ ನಾವು ಡೊಂಬಿವಲಿ ಪೂರ್ವದಲ್ಲಿದ್ದೆವು. ನನ್ನ ಯಜಮಾನರು ಸದಾನಂದ ಭಿವಂಡಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಮಗಳು ಕಾಲೇಜು ಸೇರಿದ್ದಳು. ನಾನು ಉಡುಪಿಯ ಕಡೆಯಿಂದ ಮದುವೆಯಾಗಿ ಬಂದು ಇಪ್ಪತ್ತು ವರ್ಷ ಅಡುಗೆಮನೆ, ಮಂಗಳವಾರದ ಭಜನೆ, ಕೊನೆಯ ಎರಡು ವರ್ಷ ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಇಷ್ಟರಲ್ಲೇ ಇದ್ದವಳು. ಅತ್ತೆಗೆ ವಾರ ವಾರ ರಕ್ತ ಪರೀಕ್ಷೆ. ಅವರ ನರಗಳು ಒಳಗೆ ಇಳಿದುಹೋಗಿದ್ದವು. ಲ್ಯಾಬಿನಿಂದ ಬಂದ ಹುಡುಗರು ಮೂರು ಸಲ, ನಾಲ್ಕು ಸಲ ಚುಚ್ಚಿ, ಬೆವರು ಒರೆಸಿಕೊಂಡು, ನಾಳೆ ಬೇರೆಯವರನ್ನು ಕಳಿಸುತ್ತೇವೆ ಎಂದು ಹೋಗುತ್ತಿದ್ದರು. ಹಾಗೆ ಒಂದು ದಿನ ಬಂದ ಬೇರೆಯವರೇ ಕಲ್ಯಾಣದ ಸಾವಂತ್ ಮೇಡಂ.

ಐವತ್ತು ದಾಟಿದ ಹೆಂಗಸು, ಗಿಡ್ಡ, ಕತ್ತಿಗೆ ಸರದಲ್ಲಿ ಕಟ್ಟಿದ ಕನ್ನಡಕ. ಬಂದವರು ಚೀಲ ಬಿಚ್ಚಲೇ ಇಲ್ಲ. ಬಿಸಿನೀರಲ್ಲಿ ಅದ್ದಿದ ಟವೆಲ್ ಕೇಳಿ, ಅತ್ತೆಯ ಕೈಗೆ ಸುತ್ತಿ, ಆ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದು ಸುಮ್ಮನೆ ಕೂತರು. ಆಮೇಲೆ ಹೆಸರು ಕೇಳಿದರು. ಅತ್ತೆ ದಿಂಬಿನಿಂದ ತಲೆ ಎತ್ತಿ ಹೆಸರು ಹೇಳಿದರು. ಸೂಜಿ ಹೋದದ್ದೂ ಬಂದದ್ದೂ ಅತ್ತೆಗೆ ತಿಳಿಯಲಿಲ್ಲ. ಆವತ್ತಿನಿಂದ ಅವರ ಹೊರತು ಬೇರೆ ಯಾರಿಗೂ ಅತ್ತೆ ಕೈ ಕೊಡಲಿಲ್ಲ.

ಅತ್ತೆ ತೀರಿಕೊಂಡ ಹದಿನಾಲ್ಕನೆಯ ದಿನ ಮೇಡಂ ಮಾತಾಡಿಸಲು ಬಂದರು. ಚಹಾ ಕುಡಿಯುತ್ತಾ, ಈಗ ದಿನವಿಡೀ ಏನು ಮಾಡುತ್ತೀ ಎಂದು ಕೇಳಿದರು. ನಾನು ಅತ್ತೆಯ ಖಾಲಿ ಮಂಚದ ಕಡೆ ನೋಡಿದೆ. "ಠಾಣ್ಯಾಲಾ ಯೇ," ಠಾಣೆಗೆ ಬಾ ಎಂದರು. ಮಧ್ಯಾಹ್ನದ ಹೊತ್ತು ಅವರು ಠಾಣೆಯ ಒಂದು ತರಬೇತಿ ಕೇಂದ್ರದಲ್ಲಿ ರಕ್ತ ತೆಗೆಯುವುದನ್ನು ಕಲಿಸುತ್ತಿದ್ದರಂತೆ. ಜೂನಿನಲ್ಲಿ ಹೊಸ ಬ್ಯಾಚು, ಪಿಯುಸಿ ಆಗಿದ್ದರೆ ಸಾಕು.

ಯಜಮಾನರು ಕೇಳಿ ನಕ್ಕರು. "ಸೂಜಿಗೆ ನೂಲು ಹಾಕ್ಲಿಕ್ಕೆ ನಿಂಗೆ ಮಗಳು ಬೇಕು. ನೀನು ಮನುಷ್ಯರಿಗೆ ಸೂಜಿ ಹಾಕ್ತೀಯಾ?" ಮಗಳು ಮೊಬೈಲಿನಿಂದ ತಲೆ ಎತ್ತದೆ, "ಕರ್‌ನೇ ದೋ ನಾ ಪಪ್ಪಾ" ಎಂದಳು. ಹೀಗೆ ನಲವತ್ಮೂರನೆಯ ವಯಸ್ಸಿನಲ್ಲಿ ನಾನು ಮತ್ತೆ ಬ್ಯಾಗು ಹಾಕಿಕೊಂಡು ಕ್ಲಾಸಿಗೆ ಹೊರಟೆ.

ಆ ವರ್ಷ ಮಳೆ ನಾವು ಕ್ಲಾಸು ಸೇರಿದ ವಾರವೇ ಹಿಡಿದುಕೊಂಡಿತು. ಹನ್ನೆರಡು ಜನರಲ್ಲಿ ಹನ್ನೊಂದು ಮಂದಿ ಇಪ್ಪತ್ತರ ಆಸುಪಾಸಿನವರು. ಮೊದಲ ದಿನವೇ ನಾನು ಎಲ್ಲರಿಗೂ ಆಂಟಿಯಾದೆ. ಒಬ್ಬಳು ಮಾತ್ರ ಅಕ್ಕಾ ಎಂದಳು. ಅವಳು ರೇಣುಕಾ, ಕಳಂಬೋಲಿಯವಳು. ಅವಳ ಅಪ್ಪ ವಿಜಯಪುರದ ಕಡೆಯಿಂದ ಬಂದು ಅಲ್ಲಿನ ಕಬ್ಬಿಣದ ಮಾರ್ಕೆಟ್ಟಿನಲ್ಲಿ ತೂಕದ ಕಾಟಾ ನೋಡಿಕೊಳ್ಳುತ್ತಿದ್ದರು. ಇಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಅವಳ ಮಾತಿನಲ್ಲಿ ವಿಜಯಪುರವೂ ಮುಂಬಯಿ ಹಿಂದಿಯೂ ಕೈಕೈ ಹಿಡಿದುಕೊಂಡು ಬರುತ್ತಿದ್ದವು. ಅವಳ ಕನ್ನಡ ನನಗೆ ಅರ್ಧ, ನನ್ನದು ಅವಳಿಗೆ ಅರ್ಧ. ಎರಡೂ ಸೇರಿ ನಮ್ಮ ಸ್ನೇಹಕ್ಕೆ ಬೇಕಾದಷ್ಟಾಯಿತು.

ಮೇಡಂ ಮೊದಲ ಮೂರು ವಾರ ಸೂಜಿ ಮುಟ್ಟಿಸಲಿಲ್ಲ. ಮೇಜಿನ ಮೇಲೆ ಒಂದು ರಬ್ಬರಿನ ಕೈ ಮಲಗಿರುತ್ತಿತ್ತು. ಅದರ ಮೇಲೆ ಬೆರಳಾಡಿಸಿ ನರ ಹುಡುಕಬೇಕು, ಕಣ್ಣು ಮುಚ್ಚಿಕೊಂಡು. ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ ಎನ್ನುವುದು ಅವರ ಮಾತು. ನೇರಳೆ ಮುಚ್ಚಳದ ಕೊಳವೆ ಯಾವುದಕ್ಕೆ, ಬೂದು ಮುಚ್ಚಳದ್ದು ಯಾವುದಕ್ಕೆ, ಯಾವುದು ಮೊದಲು ತುಂಬಬೇಕು, ತುಂಬಿದ್ದನ್ನು ಅಲುಗಾಡಿಸದೆ ಎಷ್ಟು ಸಲ ಮೆಲ್ಲಗೆ ಮಗುಚಬೇಕು, ಇವನ್ನೆಲ್ಲ ನಾನು ಲೋಕಲ್ ಟ್ರೇನಿನಲ್ಲಿ ನಿಂತು ಸ್ತೋತ್ರದ ಹಾಗೆ ಹೇಳಿಕೊಳ್ಳುತ್ತಿದ್ದೆ. ಇದಕ್ಕೆಲ್ಲ ಮೊದಲಿನ ಪಾಠ ಒಂದಿತ್ತು. ಪ್ರತಿದಿನ ಒಳಗೆ ಬರುತ್ತಿದ್ದಂತೆ ಮೇಡಂ ಹಲಗೆಗೆ ಬಡಿದು ಕೇಳುತ್ತಿದ್ದರು, ನಾವು ಹೇಳಬೇಕಿತ್ತು: "ಆಧೀ ನಾವ್, ಮಗ್ ಸುಯೀ." ಮೊದಲು ಹೆಸರು, ಆಮೇಲೆ ಸೂಜಿ. ನೀವು ಹೆಸರು ಓದಿ, ಅವರು ತಲೆ ಆಡಿಸಿದರೆ ಸಾಲದು. ಕಾಯಿಲೆಯವರು ಯಾವ ಹೆಸರಿಗೂ ತಲೆ ಆಡಿಸುತ್ತಾರೆ. ಅವರ ಹೆಸರು, ಅವರ ವಯಸ್ಸು, ಅವರ ಬಾಯಿಂದಲೇ ಬರಬೇಕು. ಕೊಳವೆಗೆ ಹೆಸರಿನ ಸ್ಟಿಕ್ಕರು ಅಂಟಿಸುವುದು ರಕ್ತ ತೆಗೆದ ಮೇಲೆ, ಅವರ ಎದುರಿಗೇ. ನನಗೆ ಇದು ತೀರಾ ಸಣ್ಣ ಮಕ್ಕಳ ಪಾಠ ಅನ್ನಿಸುತ್ತಿತ್ತು. ಹೆಸರು ಕೇಳಲು ತರಬೇತಿ ಬೇಕೇ ಎಂದು ಮನಸ್ಸಿನಲ್ಲೇ ಮೂಗು ಮುರಿದದ್ದೂ ಉಂಟು.

ನನ್ನ ಚಿಂತೆಯೆಲ್ಲ ಕೈಯದ್ದು. ರಬ್ಬರಿನ ಕೈಗೆ ಅಳುಕಿಲ್ಲದೆ ಚುಚ್ಚುತ್ತಿದ್ದೆ. ಜೀವ ಇರುವ ಕೈ ಎದುರಿಗೆ ಬಂದರೆ ನನ್ನದು ನಡುಗುತ್ತಿತ್ತು. ನಾವು ಮೊದಲು ಒಬ್ಬರ ಮೇಲೊಬ್ಬರು ಕಲಿಯಬೇಕಿತ್ತು. ಆಂಟಿಗೆ ಕೈ ಕೊಡಲು ಯಾರಿಗೂ ಧೈರ್ಯವಿಲ್ಲ. ರೇಣುಕಾ ಬಂದು ಎದುರಿಗೆ ಕೂತಳು.

"ಡರೋ ಮತ್ ಅಕ್ಕಾ, ಚುಚ್ಚ್ರಿ. ನನ್ನ ಕೈಯಾಗ ನರ ಹಗ್ಗದಂಗ ಅದಾವು."

ಹಗ್ಗದಂಥ ನರವೂ ನನಗೆ ಎರಡು ಸಲ ತಪ್ಪಿಹೋಯಿತು. ಅವಳ ಮೊಣಕೈಯ ಒಳಗೆ ನೇರಳೆಹಣ್ಣಿನ ಬಣ್ಣ ಏರಿತು. ಮನೆಯಲ್ಲಿ ಬಾಗಿಲು ಬಡಿಯಿತು ಎಂದು ಸುಳ್ಳು ಹೇಳಿದಳಂತೆ. ಮರುವಾರ ಇನ್ನೊಂದು ಕೈ ಚಾಚಿದಳು. ಮೇಡಂ ನನ್ನ ಹಿಂದೆ ನಿಂತು, "ಹಾತ್ ಕಾಪ್ತೋಯ್? ಕಾಪೂ ದೇ" ಎಂದರು. ನಡುಗಿದರೆ ನಡುಗಲಿ, ನೀನು ನಿನ್ನ ಕೆಲಸ ಮಾಡು ಎಂದು ಅದರ ಅರ್ಥ. ಮಾಡಿದೆ. ಕೊಳವೆಯೊಳಗೆ ರಕ್ತ ಚಿಮ್ಮಿ ಬಂತು. ಹತ್ತಿ ಒತ್ತಿ, ಸೂಜಿಯನ್ನು ಡಬ್ಬಿಗೆ ಹಾಕಿ, ಆಮೇಲೆ ಅಳಲು ಶುರು ಮಾಡಿದೆ. ರೇಣುಕಾ ನನ್ನ ಮುಖವನ್ನೇ ನೋಡಿದಳು.

"ರಕ್ತ ನಂದು ಹೋತು. ನೀವ್ಯಾಕ್ ಅಳಾಕತ್ತೀರಿ?"

ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ನನ್ನ ಜೀವನದಲ್ಲಿ ನನಗಾಗಿ ಒಬ್ಬರು ಇಷ್ಟು ಸಲೀಸಾಗಿ ನೋವು ತಿಂದದ್ದು ನನಗೆ ಬೇರೆ ನೆನಪಿಲ್ಲ. ಅವಳ ಋಣ ನನ್ನ ಮೇಲೆ ಇಂದಿಗೂ ಉಂಟು.

ಪರೀಕ್ಷೆಗೆ ಕೂರಲು ಪ್ರತಿಯೊಬ್ಬರೂ ನೂರು ಜನರ ರಕ್ತ ಸರಿಯಾಗಿ ತೆಗೆದು ತಮ್ಮ ಪುಸ್ತಕದಲ್ಲಿ ಮೇಡಂ ಸಹಿ ಹಾಕಿಸಿಕೊಳ್ಳಬೇಕಿತ್ತು. ಜುಲೈ ತುಂಬಾ ಬೆಳಗ್ಗೆ ಐದೂಕಾಲಕ್ಕೆ ಎದ್ದು ಡಬ್ಬ ಕಟ್ಟಿ, ಆರರ ಟ್ರೇನು ಹಿಡಿದು, ಠಾಣೆಯ ಲ್ಯಾಬಿನಲ್ಲಿ ಮೇಡಂ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ಒಂದು ದಿನ ಹಳಿಯ ಮೇಲೆ ನೀರು ತುಂಬಿ ಟ್ರೇನು ದಿವಾ ಸ್ಟೇಷನ್ ದಾಟಿ ಎರಡು ತಾಸು ನಿಂತಿತು. ಲೇಡೀಸ್ ಡಬ್ಬಿಯಲ್ಲಿ ಒಬ್ಬ ಹೆಂಗಸು ತಲೆತಿರುಗಿ ಕುಸಿದಳು. ನಾನು ಜಾಗ ಮಾಡಿಸಿ, ಅವಳ ಕಾಲು ಎತ್ತಿ ಇಡಿಸಿ, ನಾಡಿ ಹಿಡಿದು ಕೂತೆ. ಯಾರೋ, ಡಾಕ್ಟರಾ ಎಂದು ಕೇಳಿದರು. "ಇಲ್ಲ, ಕಲಿಯುತ್ತಿದ್ದೇನೆ" ಎಂದೆ. ಹಾಗೆ ಹೇಳುವಾಗ ಒಳಗೆ ಎಷ್ಟು ಖುಷಿಯಾಯಿತೆಂದರೆ ಆ ಹೆಂಗಸು ಕಣ್ಣು ಬಿಡುವುದು ಸ್ವಲ್ಪ ತಡವಾದರೂ ಅಡ್ಡಿಯಿಲ್ಲ ಅನ್ನಿಸಿತು. ಆಮೇಲೆ ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆಗಸ್ಟಿನ ಹೊತ್ತಿಗೆ ನನ್ನ ಪುಸ್ತಕದಲ್ಲಿ ನಲವತ್ತೊಂಬತ್ತು ಸಹಿ. ಶ್ರಾವಣದ ಒಂದು ಭಾನುವಾರ ಡೊಂಬಿವಲಿಯ ನಮ್ಮ ಊರಕಡೆಯವರ ಸಂಘದ ಸಭಾಂಗಣದಲ್ಲಿ ಉಚಿತ ಆರೋಗ್ಯ ತಪಾಸಣೆ ಇಟ್ಟಿದ್ದರು. ಬರುವವರೆಲ್ಲ ಉಡುಪಿ, ಮಂಗಳೂರು ಕಡೆಯ ವಯಸ್ಸಾದವರು. ಮೇಡಂ ಅದಕ್ಕೆ ನನ್ನನ್ನೂ ರೇಣುಕಾಳನ್ನೂ ಕರೆದುಕೊಂಡು ಹೋದರು. ನಿನ್ನ ಜನ, ನಿನ್ನ ಭಾಷೆ, ಒಂದು ಮೇಜು ಪೂರ್ತಿ ನೀನೇ ನೋಡಿಕೋ ಎಂದರು. ನಾನು ಹಿಂದಿನ ದಿನವೇ ಬಿಳಿ ಏಪ್ರನ್ನಿಗೆ ಇಸ್ತ್ರಿ ಹಾಕಿಟ್ಟಿದ್ದೆ.

ಸಾಲಿನಲ್ಲಿ ನಿಂತವರಲ್ಲಿ ಅರ್ಧಕ್ಕರ್ಧ ಪರಿಚಿತರು. ಮೊದಲ ಇಬ್ಬರ ಹೆಸರು ಕೇಳಿದೆ, ಹೇಳಿದರು. ಮೂರನೆಯವರು ನಮ್ಮ ಯಜಮಾನರ ದೂರದ ಮಾವ. ಹೆಸರು ಹೇಳಿ ಮಾವ ಎಂದದ್ದೇ ತಡ, ಅವರು ಹಿಂದೆ ತಿರುಗಿ ಇಡೀ ಸಾಲಿಗೆ ಕೇಳುವ ಹಾಗೆ, "ಕೇಳಿದ್ರಾ ಮಾರಾಯ್ರೇ, ಇವಳ ಮದುವೆಯಲ್ಲಿ ಸಾರು ಬಡಿಸಿದವ ನಾನು. ಈಗ ನನ್ನ ಹೆಸರು ಕೇಳ್ತಾಳೆ, ಆಫೀಸರ್ ಆಗಿದ್ದಾಳೆ" ಎಂದರು. ಎಲ್ಲರೂ ನಕ್ಕರು. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ನಮ್ಮಲ್ಲಿ ಹಿರಿಯರ ಮುಖಕ್ಕೆ ಹೆಸರು ಕೇಳುವುದೆಂದರೆ ಅಹಂಕಾರ. ಅಮ್ಮ, ಮಾವ, ದೊಡ್ಡಪ್ಪ, ಇಷ್ಟರಲ್ಲಿ ಜೀವನ ಕಳೆಯುತ್ತದೆ. ಆಮೇಲೆ ನಾನು ಗೊತ್ತಿಲ್ಲದವರ ಹೆಸರು ಮಾತ್ರ ಕೇಳಿದೆ. ಗೊತ್ತಿದ್ದವರಾದರೆ ಸಂಘದವರು ಹೆಸರು, ವಯಸ್ಸು ಬರೆದು ಹಂಚಿದ್ದ ಚೀಟಿ ತೆಗೆದುಕೊಂಡು ಚೆನ್ನಾಗಿದ್ದೀರಾ ಎಂದು ಕೇಳಿದೆ. ಸಾಲು ಬೇಗ ಬೇಗ ಮುಂದೆ ಹೋಯಿತು. ಬೇಗ ಆಗಲಿ ಎಂದು ಕೊಳವೆಗಳಿಗೆ ಸ್ಟಿಕ್ಕರನ್ನೂ ಮೊದಲೇ ಅಂಟಿಸಿಡತೊಡಗಿದೆ.

ಹಾಗೆ ಬಂದವರಲ್ಲಿ ಶ್ರೀಕೃಪಾ ಅಮ್ಮ ಒಬ್ಬರು. ಶ್ರೀಕೃಪಾ ಎನ್ನುವುದು ಅವರ ಬಿಲ್ಡಿಂಗಿನ ಹೆಸರು. ನಮ್ಮವರಲ್ಲಿ ಅಲ್ಲಿ ಮೊದಲು ಮನೆ ಮಾಡಿದವರು ಅವರಾದ್ದರಿಂದ ಎಲ್ಲರಿಗೂ ಅವರು ಶ್ರೀಕೃಪಾ ಅಮ್ಮ. ಗಂಡ ಹೋಟೆಲು ನಡೆಸಿ ತೀರಿಹೋದವರು. ನಾನು ಹೊಸ ಮದುಮಗಳಾಗಿ ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಡೊಂಬಿವಲಿಯ ಟ್ರೇನು ಹತ್ತುವುದನ್ನು ಕಲಿಸಿದವರು ಅವರೇ. ಇಪ್ಪತ್ತು ವರ್ಷ ಪ್ರತಿ ಮಂಗಳವಾರ ಅವರ ಪಕ್ಕ ಕೂತು ತಾಳ ಹಾಕಿದ್ದೇನೆ. ಅವರ ಹಿಂದೆ ಅದೇ ಬಿಲ್ಡಿಂಗಿನ ಸುಲೋಚನಕ್ಕ ನಿಂತಿದ್ದರು. ಬಾತ್‌ರೂಮಿಗೆ ಹೋಗುವಾಗ ತನ್ನ ಪರ್ಸನ್ನೂ ಚೀಟಿಯನ್ನೂ ಅಮ್ಮನ ಕೈಗೆ ಕೊಟ್ಟು ಹೋದರು. ಅಮ್ಮನ ಸರದಿ ಬಂತು. ಕೈಯಲ್ಲಿದ್ದ ಎರಡು ಚೀಟಿಯಲ್ಲಿ ಒಂದನ್ನು ನನ್ನ ಮುಂದಿಟ್ಟರು. ಎಸ್. ಶೆಟ್ಟಿ, ಅರವತ್ತೆಂಟು ಎಂದಿತ್ತು. ನಾನು ಸ್ಟಿಕ್ಕರು ಅಂಟಿಸಿ ರಕ್ತ ತೆಗೆದೆ.

"ಇರುವೆ ಕಚ್ಚಿದಷ್ಟೂ ಆಗ್ಲಿಲ್ಲ ಮಗಾ," ಎಂದು ಅಮ್ಮ ನನ್ನ ಗಲ್ಲ ಸವರಿದರು. ಸುಲೋಚನಕ್ಕ ಬಂದು ಉಳಿದ ಚೀಟಿ ಕೊಟ್ಟರು. ಅದರಲ್ಲೂ ಎಸ್. ಶೆಟ್ಟಿ, ವಯಸ್ಸು ಎಪ್ಪತ್ತೊಂದು. ಸುಲೋಚನಕ್ಕನಿಗೆ ಎಪ್ಪತ್ತೊಂದಾಯಿತೇ, ಮೈ ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಮನಸ್ಸಿನಲ್ಲೇ ಮೆಚ್ಚಿ ಅವರದ್ದೂ ತೆಗೆದೆ. ಆ ದಿನ ನನ್ನ ಪುಸ್ತಕದಲ್ಲಿ ಒಮ್ಮೆಗೇ ಮೂವತ್ತೆರಡು ಸಹಿ ಬಿದ್ದು ಲೆಕ್ಕ ಎಂಬತ್ತೊಂದಕ್ಕೆ ಏರಿತು.

ಹತ್ತು ದಿನ ಕಳೆದ ಮೇಲಿನ ಮಂಗಳವಾರ ಭಜನೆಗೆ ಅಮ್ಮ ಒಂದು ಡಬ್ಬಿ ಹಲ್ವ ತಂದರು. ಎಲ್ಲರಿಗೂ ಹಂಚಿ ತಾವೂ ಒಂದು ದೊಡ್ಡ ತುಂಡು ಬಾಯಿಗೆ ಹಾಕಿಕೊಂಡರು. ಅವರಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ನಾನು ಗಾಬರಿಯಿಂದ ನೋಡಿದೆ.

"ಎಂತ ನೋಡ್ತಿ? ನಂಗೆ ಶುಗರ್ ಇಲ್ಲ. ನೀನು ತೆಗೆದ ರಕ್ತದಲ್ಲೇ ಬಂದಿದೆ, ಎಲ್ಲ ನಾರ್ಮಲ್. ಗುಳಿಗೆ ಬಿಟ್ಟು ನಾಲ್ಕು ದಿವಸ ಆಯ್ತು."

ಸುಲೋಚನಕ್ಕ ಬಂದಿರಲಿಲ್ಲ. ಪಾಪ, ಅವರಿಗೆ ಇದ್ದಕ್ಕಿದ್ದಂತೆ ವಿಪರೀತ ಶುಗರ್ ಬಂದಿದೆ, ಸೊಸೆ ಹಾಗಲಕಾಯಿ ರಸ ಕುಡಿಸಿ ಮಲಗಿಸಿದ್ದಾಳೆ ಎಂದು ಯಾರೋ ಹೇಳಿದರು. ಎರಡು ಚೀಟಿ, ಒಂದು ಪರ್ಸು, ಎಪ್ಪತ್ತೊಂದು ವಯಸ್ಸು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಭಜನೆ ಮುಗಿಯುವವರೆಗೆ ತಾಳ ನನ್ನ ಮಡಿಲಲ್ಲೇ ಇತ್ತು. ಆಮೇಲೆ ಅಮ್ಮನನ್ನು ಮೂಲೆಗೆ ಕರೆದು, ರಿಪೋರ್ಟಿನಲ್ಲಿ ಏನೋ ಸಂಶಯ ಇದೆ, ಇವತ್ತಿನಿಂದಲೇ ಗುಳಿಗೆ ಶುರು ಮಾಡಿ ಎಂದೆ. ದೇವರ ಮುಂದೆ ಮಾತು ತೆಗೆದುಕೊಂಡ ಮೇಲೆಯೇ ಬಿಟ್ಟೆ. ತಪ್ಪು ಯಾರದ್ದೆಂದು ಮಾತ್ರ ಬಾಯಿ ಬಿಡಲಿಲ್ಲ.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಯೋಚಿಸಿ, "ಲ್ಯಾಬಿನವರದ್ದೇ ಮಿಸ್ಟೇಕ್ ಅಂತ ಹೇಳಿದ್ರಾಯ್ತು. ಇನ್ನೊಮ್ಮೆ ಟೆಸ್ಟ್ ಮಾಡಿಸ್ಲಿ. ಯಾರಿಗೆ ಗೊತ್ತಾಗ್ತದೆ?" ಎಂದರು. ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು. ಸುಳ್ಳು ಹೇಳುವುದಿಲ್ಲ, ನನಗೂ ಅದು ರುಚಿಸಿತು. ಇನ್ನು ಹತ್ತೊಂಬತ್ತು ಸಹಿ ಆದರೆ ಮುಗಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ಪರೀಕ್ಷೆ. ಹೇಳಿದರೆ ಕೇಂದ್ರದವರು ಹೊರಗೆ ಹಾಕುವುದು ಖಂಡಿತ ಅನ್ನಿಸಿತು. ನಲವತ್ಮೂರು ವರ್ಷಕ್ಕೆ ನಾನು ನನ್ನದು ಎಂದು ಕೈಗೆ ತೆಗೆದುಕೊಂಡ ಮೊದಲ ಕೆಲಸ ಅದು.

ಮರುದಿನ ಟ್ರೇನಿನಲ್ಲಿ ಎರಡೂ ಮಾತನ್ನು ತಯಾರು ಮಾಡಿಕೊಂಡೆ. ಲ್ಯಾಬಿನದ್ದು ತಪ್ಪು ಎನ್ನುವ ಮಾತು ಚೆನ್ನಾಗಿ, ನಂಬುವ ಹಾಗಿತ್ತು. ಆದರೆ ಹಾಗೆ ಹೇಳಿದರೆ ಯಾರೋ ಯಂತ್ರದ ಮುಂದೆ ಕೂತವನ ತಲೆ ಮೇಲೆ ಬೀಳುತ್ತದೆ. ನಾನು ಮುಂದಿನ ಕ್ಯಾಂಪಿನಲ್ಲಿ ಮತ್ತೆ ಹೆಸರು ಕೇಳದೆ ಇನ್ನೊಬ್ಬ ಅಮ್ಮನಿಗೆ ಚುಚ್ಚುತ್ತೇನೆ. ಠಾಣೆಯ ಮೇಲ್ಸೇತುವೆ ಇಳಿಯುವ ಹೊತ್ತಿಗೆ ನನ್ನ ಹತ್ತಿರ ಒಂದೇ ಮಾತು ಉಳಿದಿತ್ತು.

ಮೇಡಂ ಗಾಜಿನ ಭರಣಿಗೆ ಹತ್ತಿ ತುಂಬುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಭರಣಿಯ ಮುಚ್ಚಳ ಹಾಕಿ ಕೇಳಿದರು, ಹೆಸರು ಯಾಕೆ ಕೇಳಲಿಲ್ಲ? ಇಪ್ಪತ್ತು ವರ್ಷದಿಂದ ಗೊತ್ತು ಮೇಡಂ, ತಾಯಿಯ ಹಾಗೆ, ಹೇಗೆ ಕೇಳಲಿ ಎಂದೆ.

"ವೀಸ್ ವರ್ಷಂ ಓಳಖ್ತೇಸ್," ಎಂದರು ಮೇಡಂ. "ಕಾಯ್ ನಾವ್ ಆಹೇ ತಿಚಂ?"

ಇಪ್ಪತ್ತು ವರ್ಷದಿಂದ ಬಲ್ಲೆ ಎನ್ನುತ್ತೀಯಲ್ಲ, ಏನವಳ ಹೆಸರು? ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಬರಲು ಒಳಗೆ ಇರಬೇಕಲ್ಲ. ಅವರ ಮೊಣಕಾಲು ನೋವು ಗೊತ್ತು, ಅವರ ಗಂಡ ಯಾವ ಸ್ಟೇಷನ್ನಿನ ಹತ್ತಿರ ಹೋಟೆಲು ಇಟ್ಟಿದ್ದರು ಗೊತ್ತು, ಸಾಂಬಾರಿಗೆ ಎಷ್ಟು ಬೆಲ್ಲ ಹಾಕುತ್ತಾರೆ ಗೊತ್ತು. ಹೆಸರು ಗೊತ್ತಿಲ್ಲ. ನಾನು ಎಂದೂ ಕೇಳಿರಲೇ ಇಲ್ಲ. ಆ ಪ್ರಶ್ನೆಯಷ್ಟು ನನ್ನನ್ನು ಆಮೇಲಿನ ಯಾವ ಶಿಕ್ಷೆಯೂ ನಾಚಿಸಲಿಲ್ಲ.

ಶಿಕ್ಷೆಯೂ ಆಯಿತು. ಮೇಡಂ ಆಗಲೇ ಲ್ಯಾಬಿಗೆ ಫೋನು ಮಾಡಿ ಎರಡೂ ರಿಪೋರ್ಟು ವಾಪಸು ತೆಗೆಸಿದರು. ಆ ದಿನ ನನ್ನ ಮೇಜಿಗೆ ಬಂದ ಉಳಿದ ಪರಿಚಿತರಿಗೆಲ್ಲ ಮತ್ತೆ ಪರೀಕ್ಷೆ ಮಾಡಿಸಲು ಹೇಳಿಸಿದರು. ಕೇಂದ್ರದ ಮುಖ್ಯಸ್ಥರು ನನ್ನನ್ನು ತೆಗೆದುಹಾಕಲು ಹೇಳಿದರು. ಮೇಡಂ ಒಳಗೆ ಹೋಗಿ ಅರ್ಧ ಗಂಟೆ ಮಾತಾಡಿ ಬಂದರು. ಏನು ಹೇಳಿದರೋ ನನಗೆ ಇಂದಿಗೂ ತಿಳಿಸಿಲ್ಲ. ಹೊರಗೆ ಬಂದವರೇ ನನ್ನ ಪುಸ್ತಕ ತೆರೆದು, ಎಂಬತ್ತೊಂದು ಸಹಿಗಳ ಮೇಲೂ ಅಡ್ಡಗೆರೆ ಎಳೆದು, ಹೊಸ ಪುಟಕ್ಕೆ ಮಗುಚಿದರು. ಮೊದಲಿನಿಂದ ನೂರು. ಸೆಪ್ಟೆಂಬರಿನ ಪರೀಕ್ಷೆ ನನಗಿಲ್ಲ.

ಊಟದ ಹೊತ್ತಿಗೆ ರೇಣುಕಾ ಬಂದು ಪಕ್ಕದಲ್ಲಿ ಕೂತಳು. ಅವಳದ್ದು ತೊಂಬತ್ತು ದಾಟಿತ್ತು. ತನ್ನ ಡಬ್ಬಿಯಿಂದ ಅರ್ಧ ಜೋಳದ ರೊಟ್ಟಿ ನನ್ನ ಡಬ್ಬಿಗೆ ಹಾಕಿದಳು. ಆಮೇಲೆ ತೋಳು ಮಡಚಿ ತೋರಿಸಿ, "ಟೆನ್ಶನ್ ಯಾಕ್ ಅಕ್ಕಾ? ಈ ಕೈ ಇನ್ನೂ ಇಲ್ಲೇ ಅದ" ಎಂದಳು.

ನಾನು ಪಾಸಾದದ್ದು ದೀಪಾವಳಿ ಕಳೆದ ಮೇಲೆ, ಒಬ್ಬಳೇ, ಬೇರೆ ಬ್ಯಾಚಿನ ಮಕ್ಕಳ ಜೊತೆ ಕೂತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಈಗ ಅನ್ನ ಹಾಕುವ ಕೆಲಸ ಅದು, ಅದಕ್ಕಾಗಿ ನಾನು ಸಾವಂತ್ ಮೇಡಂಗೆ ದಿನವೂ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ. ಆದರೆ ಆ ವರ್ಷ ಅಂದರೆ ನನಗೆ ನೆನಪಾಗುವುದು ಸರ್ಟಿಫಿಕೇಟು ಕೈಗೆ ಬಂದ ದಿನವಲ್ಲ. ಗೆರೆ ಎಳೆದ ಮರುದಿನ ಬೆಳಗ್ಗೆ.

ಇಬ್ಬರ ರಕ್ತವನ್ನೂ ಮತ್ತೆ ತೆಗೆಯಬೇಕಿತ್ತು. ಮೇಡಂ ನೀವೇ ತೆಗೆಯಿರಿ ಎಂದು ಬೇಡಿಕೊಂಡೆ. ಯಾರ ಹೆಸರು ಕೇಳಲಿಲ್ಲವೋ ಅವರ ಹತ್ತಿರವೇ ಹೋಗು ಎಂದರು. ಆದರೆ ಒಬ್ಬಳನ್ನೇ ಕಳಿಸಲಿಲ್ಲ. ಕಲ್ಯಾಣದಿಂದ ಮೊದಲ ಟ್ರೇನಿಗೆ ಡೊಂಬಿವಲಿಗೆ ಬಂದು, ಜಡಿಮಳೆಯಲ್ಲಿ ಕೊಡೆ ಹಿಡಿದು ನನ್ನ ಜೊತೆ ಶ್ರೀಕೃಪಾ ಬಿಲ್ಡಿಂಗಿನ ಮೆಟ್ಟಿಲು ಹತ್ತಿದರು.

ಮೊದಲು ಸುಲೋಚನಕ್ಕನ ಮನೆ. ತಪ್ಪು ನನ್ನದು, ನಿಮಗೆ ಶುಗರ್ ಇರುವುದು ಅನುಮಾನ ಎಂದೆ. ಅವರು ಅಡುಗೆಮನೆಯ ಕಡೆ ನೋಡಿ ಹಲ್ಲು ಕಚ್ಚಿದರು. "ಶುಗರ್ ಹೋಗ್ಲಿ. ನಾನು ಕುಡಿದ ಹಾಗಲಕಾಯಿಗೆ ಯಾರು ಜವಾಬ್ದಾರಿ?" ಎಂದರು. ಸೊಸೆ ಮುಖ ತಿರುಗಿಸಿ ನಗುತ್ತಿದ್ದಳು. ಹೆಸರು, ವಯಸ್ಸು ಕೇಳಿದೆ. ಸುಲೋಚನಾ ಶೆಟ್ಟಿ, ಅರವತ್ತೆಂಟು ಎಂದರು.

ಒಂದು ಮಹಡಿ ಕೆಳಗೆ ಅಮ್ಮನ ಮನೆ. ಅಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ನಾನು ನೆಲದ ಮೇಲೆ ಅವರ ಕಾಲ ಬುಡದಲ್ಲಿ ಕೂತು ಎಲ್ಲ ಹೇಳಿದೆ. ನಿಮ್ಮ ಹೆಸರು ಕೇಳುವುದು ಉದ್ಧಟತನ ಅನ್ನಿಸಿತು ಅಮ್ಮ, ಅದಕ್ಕೆ ಕೇಳಲಿಲ್ಲ, ನಿಮ್ಮ ಜೀವಕ್ಕೆ ಕುತ್ತು ತಂದೆ ಎಂದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಆ ಹೊತ್ತಿನಲ್ಲಿ ನಾನು ನಿಜವಾಗಿ ಹೆದರಿದೆ. ಸರ್ಟಿಫಿಕೇಟು ಹೋದರೂ ಹೋಗಲಿ, ಮಂಗಳವಾರ ಇವರ ಪಕ್ಕದ ಜಾಗ ಹೋಗದಿರಲಿ ಅನ್ನಿಸಿತು.

"ಹಲ್ವ ಚಂದ ಇತ್ತು," ಎಂದರು ಕೊನೆಗೆ. "ಪಾಪ ನಿನಗೆ, ರುಚಿ ನನಗೆ. ಹೊಟ್ಟೆಗೆ ಹಾಕಿಕೊಂಡೆ ಬಿಡು." ಮತ್ತೆ ಎಡಗೈಯ ಸೆರಗು ಸರಿಸಿ ಕುರ್ಚಿಯ ತೋಳಿನ ಮೇಲೆ ಕೈ ಚಾಚಿದರು. "ತೆಗಿ."

ನಾನು ಕೈಗವಸು ಹಾಕಿಕೊಂಡೆ. ಪಟ್ಟಿ ಕಟ್ಟಲಿಲ್ಲ, ಸೂಜಿ ಮುಟ್ಟಲಿಲ್ಲ. ತುಳುವಿನಲ್ಲಿ ಕೇಳಿದೆ, "ಅಮ್ಮಾ, ಈರೆನ ಪುದರ್ ದಾದ?" ನಿಮ್ಮ ಹೆಸರೇನು?

ಅಮ್ಮ ನನ್ನನ್ನು ನೋಡಲಿಲ್ಲ. ಕಿಟಕಿಯಾಚೆ ನೋಡಿದರು. ಬೆನ್ನು ನೆಟ್ಟಗೆ ಮಾಡಿ ಕೂತರು, ನನ್ನ ಅತ್ತೆ ದಿಂಬಿನಿಂದ ತಲೆ ಎತ್ತಿದ ಹಾಗೆಯೇ.

"ಸಂಜೀವಿ," ಎಂದರು. "ಸಂಜೀವಿ ಶೆಡ್ತಿ. ಎಪ್ಪತ್ತೊಂದು ವರ್ಷ."

ಹೇಳಿ ಮುಗಿಸಿದ ಮೇಲೆ ತಾವೇ ಅದನ್ನು ಕೇಳಿಸಿಕೊಂಡವರ ಹಾಗೆ ನನ್ನ ಕಡೆ ತಿರುಗಿದರು. "ಈ ಊರಿಗೆ ಬಂದ ಮೇಲೆ ನನ್ನ ಹೆಸರು ಬಾಯಿ ಬಿಟ್ಟು ಕೇಳಿದ್ದು ರೇಷನ್ ಕಾರ್ಡಿನವ ಒಬ್ಬ, ಮತ್ತೆ ನೀನು. ಅವ ಶೆಡ್ತಿ ಅಂದ್ರೆ ಗೊತ್ತಾಗದೆ ಶೆಟ್ಟಿ ಅಂತ ಬರೆದ. ಅದೇ ಎಲ್ಲ ಕಡೆ ಹೋಯ್ತು."

ನಾನು ನರ ಹುಡುಕಿದೆ, ಕಣ್ಣು ಮುಚ್ಚಿ. ಮೇಡಂ ಬಾಗಿಲ ಹತ್ತಿರ ನಿಂತಿದ್ದರು. ರಕ್ತ ಬಂತು. ಕೊಳವೆಗಳಿಗೆ ಅಮ್ಮನ ಎದುರಿಗೇ ಸ್ಟಿಕ್ಕರು ಅಂಟಿಸಿದೆ. ಅದರಲ್ಲಿ ಕಾರ್ಡಿನಲ್ಲಿದ್ದ ಹಾಗೆ ಶೆಟ್ಟಿ ಎಂದೇ ಇರಬೇಕು, ಅದು ನಿಯಮ. ಅಮ್ಮ ಅದನ್ನು ನೋಡಿ ತಲೆ ಆಡಿಸಿದರು. ಆಮೇಲೆ ನಾನು ನನ್ನ ಪುಸ್ತಕ ತೆಗೆದೆ. ಹೊಸ ಪುಟ, ಮೊದಲ ಗೆರೆ. ಅಷ್ಟು ದಿನ ಎಲ್ಲರ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆಯುತ್ತಿದ್ದವಳು ಆ ಒಂದು ಹೆಸರನ್ನು ಕನ್ನಡದಲ್ಲಿ ಬರೆದೆ. ಮೇಡಂಗೆ ಓದಲು ಬರುತ್ತಿರಲಿಲ್ಲ. ಆದರೂ ಏನು ಎಂದು ಕೇಳದೆ ಪಕ್ಕದಲ್ಲಿ ಸಹಿ ಹಾಕಿದರು.

"ಇಲ್ಲಿ ಕೊಡು," ಎಂದರು ಅಮ್ಮ. ಹತ್ತಿ ಒತ್ತಿದ ಕೈಯನ್ನು ಎದೆಗೆ ಮಡಚಿಕೊಂಡು, ಇನ್ನೊಂದು ಕೈಯಿಂದ ಕನ್ನಡಕ ಏರಿಸಿ, ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಊರಲ್ಲಿ ಐದನೇ ಕ್ಲಾಸಿನವರೆಗೆ ಓದಿದವರು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರನ್ನು ಓದಿದರು. ಮುಗಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಓದಿದರು.